ಅಂಚೆಯವರ ಸಮವಸ್ತ್ರದಲ್ಲಿ ಬಂದ ವೀಸಾ ಕಚೇರಿ

1963ರ ಡಿಸೆಂಬರ್ 18. ಪಶ್ಚಿಮ ಬರ್ಲಿನ್ನಿನ 12 ಶಾಲೆಗಳ ಮುಂದೆ ಚಳಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಸಾಲು ಶಾಲೆಯ ಅಂಗಳ ದಾಟಿ ಬೀದಿಗೆ ಬಂದು, ಬೀದಿಯ ಮೂಲೆ ತಿರುಗಿ ಇನ್ನೊಂದು ಬೀದಿಗೆ ಹೋಗಿತ್ತು. ಒಳಗೆ ಮೇಜುಗಳ ಹಿಂದೆ ಕೂತವರು ಪೂರ್ವ ಜರ್ಮನಿಯ ಅಂಚೆ ಇಲಾಖೆಯ ಸಮವಸ್ತ್ರ ತೊಟ್ಟಿದ್ದರು. ಅವರು ಸ್ಟಾಂಪು ಮಾರುತ್ತಿರಲಿಲ್ಲ, ಮನಿಯಾರ್ಡರು ಬರೆಯುತ್ತಿರಲಿಲ್ಲ. ಗೋಡೆಯ ಆಚೆ ಇರುವ ತಾಯಿಯನ್ನೋ ತಮ್ಮನನ್ನೋ ಮೊಮ್ಮಗಳನ್ನೋ ಒಂದೇ ಒಂದು ದಿನ ನೋಡಿಬರಲು ಬೇಕಾದ ರಹದಾರಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದರು.

ಅಂದರೆ ಅದು ವೀಸಾ ಕಚೇರಿ. ಆದರೆ ಬಾಗಿಲ ಮೇಲೆ ಹಾಗೆಂದು ಬರೆದಿರಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಆ ಕಚೇರಿಯನ್ನು ಏನೆಂದು ಕರೆಯಬೇಕು, ಅದರಲ್ಲಿ ಯಾರು ಕೂರಬೇಕು, ಅವರಿಗೆ ಯಾವ ಹಕ್ಕುಗಳಿರಬೇಕು, ಯಾವುವು ಇರಬಾರದು ಎಂಬ ಪ್ರಶ್ನೆಗಳ ಮೇಲೆ ಒಂದು ನಗರದ ಲಕ್ಷಾಂತರ ಮನೆಗಳ ಭೇಟಿಗಳು 28 ತಿಂಗಳು ನಿಂತುಹೋಗಿದ್ದವು. ಅಂಚೆಯವರ ವೇಷ ಆ ಪ್ರಶ್ನೆಗೆ ಕೊನೆಗೆ ಸಿಕ್ಕ ಉತ್ತರ. ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂದಿತ್ತು. ಆಮೇಲೆ, ಆ ವೇಷ ಹೊಲಿಯಲು ಎಷ್ಟು ಕಷ್ಟಪಟ್ಟಿದ್ದರು ಎಂದು ತಿಳಿದಾಗ ನಗು ಇಳಿಯಿತು.

ವೀಸಾ ಎನ್ನುವುದು ನಮಗೆಲ್ಲ ಪಾಸ್‌ಪೋರ್ಟಿನ ಒಂದು ಪುಟದ ಮೇಲೆ ಅಂಟಿಸಿದ ಚೀಟಿ. ಕಾನೂನಿನ ಕಣ್ಣಿಗೆ ಅದು ಒಂದು ರಾಜ್ಯ ತನ್ನ ಸಾರ್ವಭೌಮತ್ವವನ್ನು ಚಲಾಯಿಸುವ ಕೆಲಸ. ‘ಈ ನೆಲದೊಳಗೆ ಯಾರು ಬರಬಹುದು ಎಂದು ಹೇಳುವವನು ನಾನು’ ಎನ್ನುವ ಅಧಿಕಾರ ಅದರಲ್ಲಿ ಅಡಗಿದೆ. ಈ ಅಧಿಕಾರವನ್ನು ಒಂದು ರಾಜ್ಯ ಇನ್ನೊಂದರ ನೆಲದ ಮೇಲೆ ಕೂತು ಚಲಾಯಿಸಬೇಕಾದರೆ ಆ ನೆಲದ ಒಡೆಯನ ಒಪ್ಪಿಗೆ ಬೇಕು. ಕಾಕತಾಳೀಯವೋ ಏನೋ, ಈ ನಿಯಮಗಳನ್ನು ಲೋಕದ ದೇಶಗಳು ಕೂತು ಬರೆದದ್ದು ಅದೇ 1963ರಲ್ಲಿ, ಏಪ್ರಿಲ್ ತಿಂಗಳಲ್ಲಿ, ವಿಯೆನ್ನಾದಲ್ಲಿ. ದೂತಾವಾಸ ಸಂಬಂಧಗಳ ಆ ಒಡಂಬಡಿಕೆಯ ಐದನೆಯ ವಿಧಿ, ವೀಸಾ ಕೊಡುವುದು ಕಾನ್ಸುಲೇಟಿನ ಕೆಲಸ ಎಂದು ಹೇಳುತ್ತದೆ. ಕಾನ್ಸುಲೇಟು ಎಂದ ಮೇಲೆ ಅದರ ಬೆನ್ನಿಗೇ ಕೆಲವು ವಿಶೇಷ ಹಕ್ಕುಗಳೂ ಬರುತ್ತವೆ. ಅದರ ಕೆಲಸದ ಕೋಣೆಗಳಿಗೆ ಸ್ಥಳೀಯ ಪೊಲೀಸರು ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಅದರ ಕಡತಗಳನ್ನು ಯಾರೂ ಮುಟ್ಟುವಂತಿಲ್ಲ. ಅಧಿಕಾರಿ ತನ್ನ ಕೆಲಸದ ಅಂಗವಾಗಿ ಮಾಡಿದ್ದಕ್ಕೆ ಸ್ಥಳೀಯ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗಿಲ್ಲ. ಬಾಗಿಲಿಗೆ ತನ್ನ ದೇಶದ ಲಾಂಛನ ಹಾಕಬಹುದು, ಬಾವುಟ ಏರಿಸಬಹುದು.

ಒಂದು ಮೇಜು, ಒಂದು ಅರ್ಜಿ, ಒಂದು ಮುದ್ರೆ. ನೋಡಲು ಇಷ್ಟೇ. ಆದರೆ ಆ ಮೇಜಿಗೆ ಜಾಗ ಕೊಟ್ಟವರು, ಅದರ ಹಿಂದೆ ಕೂತವನ ರಾಜ್ಯವನ್ನು ರಾಜ್ಯವೆಂದು ಒಪ್ಪಿಕೊಂಡ ಹಾಗೆ. ಬರ್ಲಿನ್ನಿನಲ್ಲಿ ಗಂಟು ಬಿದ್ದದ್ದು ಇಲ್ಲಿಯೇ.

1961ರ ಆಗಸ್ಟ್ 13ರಂದು ಗೋಡೆ ಏಳತೊಡಗಿತು. ಆ ಕತೆ ಎಲ್ಲರಿಗೂ ಗೊತ್ತು. ಪೂರ್ವದವರು ಪಶ್ಚಿಮಕ್ಕೆ ಓಡಿಹೋಗದಂತೆ ಕಟ್ಟಿದ ಗೋಡೆ ಅದು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಹತ್ತು ದಿನಗಳ ನಂತರದ್ದು. ಆಗಸ್ಟ್ 23ರಿಂದ ಪಶ್ಚಿಮ ಬರ್ಲಿನ್ನಿನವರು ಪೂರ್ವಕ್ಕೆ ಹೋಗಬೇಕಾದರೂ ರಹದಾರಿ ಬೇಕು ಎಂದು ಪೂರ್ವ ಜರ್ಮನಿ ಸಾರಿತು. ಇದರಲ್ಲೊಂದು ಕ್ರೂರ ವಿಚಿತ್ರವಿತ್ತು. ಹ್ಯಾಂಬರ್ಗಿನಿಂದಲೋ ಮ್ಯೂನಿಕ್ಕಿನಿಂದಲೋ ಬಂದ ಪಶ್ಚಿಮ ಜರ್ಮನ್ ಪ್ರಜೆ ಗಡಿಯಲ್ಲೇ ದಿನದ ಪರವಾನಗಿ ಪಡೆದು ಪೂರ್ವ ಬರ್ಲಿನ್ನಿಗೆ ಹೋಗಬಹುದಿತ್ತು. ವಿದೇಶಿಯರೂ ಹೋಗಬಹುದಿತ್ತು. ಎರಡು ಬೀದಿ ಆಚೆ ಅಮ್ಮನ ಮನೆಯಿದ್ದ ಪಶ್ಚಿಮ ಬರ್ಲಿನ್ನಿನವನು ಮಾತ್ರ ಹೋಗುವಂತಿಲ್ಲ! ಅವನ ಗುರುತಿನ ಚೀಟಿಯೇ ಬೇರೆ ಬಗೆಯದು. ಪಶ್ಚಿಮ ಬರ್ಲಿನ್ ಯುದ್ಧ ಗೆದ್ದ ಮೂರು ರಾಷ್ಟ್ರಗಳ, ಎಂದರೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಸುಪರ್ದಿನಲ್ಲಿತ್ತು. ಪಶ್ಚಿಮ ಜರ್ಮನಿಯ ಭಾಗವೂ ಹೌದು, ಅಲ್ಲವೂ ಹೌದು ಎಂಬಂತಿತ್ತು. ಫೋನು ಮಾಡೋಣವೆಂದರೆ ನಗರದ ಎರಡು ಭಾಗಗಳ ನಡುವಿನ ತಂತಿಗಳನ್ನು ಪೂರ್ವದವರು 1952ರಲ್ಲೇ ಕತ್ತರಿಸಿದ್ದರು. ಉಳಿದದ್ದು ಕಾಗದ ಮತ್ತು ತಂತಿ ಸಮಾಚಾರ. ಅಂಚೆಯೊಂದೇ ಎರಡೂ ಕಡೆ ಓಡಾಡುತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಹದಾರಿ ಬೇಕು ಎಂದ ಮೇಲೆ ಅದನ್ನು ಕೊಡುವ ಜಾಗವೂ ಬೇಕಲ್ಲ? ಪೂರ್ವ ಜರ್ಮನಿ ಆಗಸ್ಟ್ 26ರಂದು ಪಶ್ಚಿಮ ಬರ್ಲಿನ್ನಿನೊಳಗೇ ಎರಡು ಕಚೇರಿ ತೆರೆಯಲು ಹೊರಟಿತು. ಒಂದು ಮೃಗಾಲಯದ ಪಕ್ಕದ ಝೂ ರೈಲು ನಿಲ್ದಾಣದಲ್ಲಿ, ಇನ್ನೊಂದು ವೆಸ್ಟ್‌ಕ್ರಾಯ್ಟ್ಸ್ ನಿಲ್ದಾಣದಲ್ಲಿ. ಜಾಗದ ಆಯ್ಕೆ ಜಾಣತನದ್ದು. ಯುದ್ಧದ ನಂತರದ ಏರ್ಪಾಟಿನಂತೆ ಪಶ್ಚಿಮ ಬರ್ಲಿನ್ನಿನ ನಗರ ರೈಲನ್ನೂ ಪೂರ್ವ ಜರ್ಮನಿಯ ರೈಲ್ವೆಯೇ ನಡೆಸುತ್ತಿತ್ತು. ನೆಲ ಪಶ್ಚಿಮದ್ದು, ನಿಲ್ದಾಣದ ಆಡಳಿತ ಪೂರ್ವದ್ದು. ಅಲ್ಲಿ ಕೂತು ರಹದಾರಿ ಕೊಟ್ಟರೆ ಯಾರು ಏನು ಮಾಡಿಯಾರು ಎಂಬ ಲೆಕ್ಕ.

ಮೂರು ರಾಷ್ಟ್ರಗಳ ಸೇನಾಧಿಕಾರಿಗಳು ಕೂಡಲೇ ಇದನ್ನು ನಿಷೇಧಿಸಿದರು, ಪಶ್ಚಿಮ ಬರ್ಲಿನ್ನಿನ ಪೊಲೀಸರು ಕಚೇರಿಗಳನ್ನು ಮುಚ್ಚಿಸಿದರು. ನಮ್ಮ ನೆಲದ ಮೇಲೆ ಪೂರ್ವ ಜರ್ಮನಿ ರಾಜ್ಯಾಧಿಕಾರ ಚಲಾಯಿಸುವುದಕ್ಕೆ ಬಿಡುವುದಿಲ್ಲ ಎಂಬುದು ಕಾರಣ. ಗೋಡೆ ಎದ್ದು ಎರಡು ವಾರವೂ ಆಗಿರಲಿಲ್ಲ. ಊರಿಗೆ ಊರೇ ಸಿಟ್ಟಿನಿಂದ ಕುದಿಯುತ್ತಿತ್ತು. ಗೋಡೆ ಕಟ್ಟಿದವನೇ ಬಂದು ಇತ್ತ ಟಿಕೆಟ್ ಕೌಂಟರು ತೆರೆದರೆ ಯಾರಿಗೆ ಸಹನೆ ಇದ್ದೀತು? ಆ ದಿನ ನಾನು ಅಲ್ಲಿದ್ದರೆ ನಾನೂ ಮುಚ್ಚಿಸಿ ಎಂದೇ ಕೂಗುತ್ತಿದ್ದೆನೇನೋ. ಆದರೆ ಆ ಕೂಗಿನ ಬಿಲ್ಲು ಪಾವತಿಯಾದದ್ದು ಪೂರ್ವದಲ್ಲಿ ತಾಯಿ ತಂದೆಯರಿದ್ದವರ ಜೇಬಿನಿಂದ. ನಮ್ಮಲ್ಲಿ ಹೇಳುತ್ತಾರಲ್ಲ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು.

ಈ ಹಟಕ್ಕೆ ಬರಿಯ ಸಿಟ್ಟಲ್ಲದೆ ಬೇರೆ ಬೇರೂ ಇತ್ತು. ಪಶ್ಚಿಮ ಜರ್ಮನಿಯ ಬಾನ್ ಸರ್ಕಾರ ಇಡೀ ಜರ್ಮನ್ ಜನತೆಯ ಏಕೈಕ ಪ್ರತಿನಿಧಿ ತಾನು ಎಂದು ಹೇಳಿಕೊಳ್ಳುತ್ತಿತ್ತು. ಪೂರ್ವ ಜರ್ಮನಿಯನ್ನು ಯಾವ ದೇಶ ಮಾನ್ಯ ಮಾಡುತ್ತದೋ ಅದರೊಡನೆ ಸಂಬಂಧ ಕಡಿದುಕೊಳ್ಳುವುದು 1955ರಿಂದ ಅದರ ನೀತಿ. ಹಾಲ್‌ಸ್ಟೈನ್ ಸಿದ್ಧಾಂತ ಎಂದು ಅದಕ್ಕೆ ಹೆಸರು. 1957ರಲ್ಲಿ ಯುಗೊಸ್ಲಾವಿಯ, 1963ರ ಜನವರಿಯಲ್ಲಿ ಕ್ಯೂಬಾ ಈ ಶಿಕ್ಷೆ ಉಂಡವು. ಭಾರತದ ಮೇಲೂ ಇದರ ನೆರಳು ಬಿದ್ದಿತ್ತು. ನಾವು ಪೂರ್ವ ಜರ್ಮನಿಯೊಡನೆ ವ್ಯಾಪಾರ ಮಾಡುತ್ತಿದ್ದೆವು, ಅದರ ವ್ಯಾಪಾರ ಕಚೇರಿ ದಿಲ್ಲಿಯಲ್ಲಿತ್ತು. ಆದರೆ ಆ ಕಚೇರಿ ಕಾನ್ಸುಲೇಟ್ ಜನರಲ್ ಆಗಲು 1970ರವರೆಗೆ, ಪೂರ್ಣ ರಾಯಭಾರ ಸಂಬಂಧ ಏರ್ಪಡಲು 1972ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಹೊರದೇಶಗಳಿಗೇ ಇಷ್ಟು ಕಟ್ಟುನಿಟ್ಟು ಮಾಡಿದವರು ತಮ್ಮದೇ ಬರ್ಲಿನ್ನಿನಲ್ಲಿ ಪೂರ್ವದ ಅಧಿಕಾರಿಗೆ ಕುರ್ಚಿ ಹಾಕಿದರೆ ಲೋಕಕ್ಕೆ ಏನು ಹೇಳುವುದು?

ಪೂರ್ವದವರಿಗೆ ಬೇಕಾಗಿದ್ದದ್ದೂ ಅದೇ ಕುರ್ಚಿ. ಜನ ಬಂದು ಹೋಗುವುದರಲ್ಲಿ ಅವರಿಗೆ ಅಂಥ ಆಸ್ಥೆ ಇರಲಿಲ್ಲ. ಪಶ್ಚಿಮ ಬರ್ಲಿನ್ ಒಂದು ಪ್ರತ್ಯೇಕ ರಾಜಕೀಯ ಘಟಕ, ಪೂರ್ವ ಬರ್ಲಿನ್ ತಮ್ಮ ರಾಜಧಾನಿ, ಎರಡರ ನಡುವೆ ಇರುವುದು ಅಂತರರಾಷ್ಟ್ರೀಯ ಗಡಿ ಎಂದು ಪಶ್ಚಿಮದ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಅವರ ಗುರಿ. ವೀಸಾ ಕಚೇರಿಯೊಂದು ಅಲ್ಲಿ ಬಾವುಟ ಹಾರಿಸಿದರೆ ಅರ್ಧ ಕೆಲಸ ಆದಂತೆ.

ಹೀಗೆ ಎರಡು ವರ್ಷ ಕಳೆದವು. 1962ರ ಆಗಸ್ಟ್ 17ರಂದು ಪೀಟರ್ ಫೆಕ್ಟರ್ ಎಂಬ 18ರ ಹುಡುಗ ಗೋಡೆ ಹತ್ತುವಾಗ ಗುಂಡೇಟು ತಿಂದು, ಎರಡೂ ಕಡೆಯವರ ಕಣ್ಣೆದುರಿಗೇ ಸುಮಾರು ಒಂದು ಗಂಟೆ ರಕ್ತ ಸುರಿಸುತ್ತ ಬಿದ್ದಿದ್ದ. ಯಾರೂ ಹತ್ತಿರ ಹೋಗಲಿಲ್ಲ. ಗೋಡೆಯನ್ನು ಬಲದಿಂದ ಉರುಳಿಸುವವರು ಯಾರೂ ಬರುವುದಿಲ್ಲ ಎನ್ನುವುದು ಪಶ್ಚಿಮ ಬರ್ಲಿನ್ನಿಗೆ ನಿಧಾನವಾಗಿ ಮನದಟ್ಟಾಗುತ್ತಿತ್ತು. ಮೇಯರ್ ವಿಲಿ ಬ್ರಾಂಟ್ ಮತ್ತು ಅವರ ಪತ್ರಿಕಾ ವಕ್ತಾರ ಎಗೋನ್ ಬಾರ್ ಬೇರೆ ದಾರಿ ಯೋಚಿಸತೊಡಗಿದರು. ಎದುರಾಳಿಯನ್ನು ಬದಲಿಸಬೇಕಾದರೆ ಮೊದಲು ಅವನ ಹತ್ತಿರ ಹೋಗಬೇಕು ಎಂಬ ಅರ್ಥದ ಭಾಷಣವನ್ನು ಬಾರ್ 1963ರ ಜುಲೈನಲ್ಲಿ ಟುಟ್ಸಿಂಗ್ ಎಂಬ ಊರಿನಲ್ಲಿ ಮಾಡಿದರು. ಸ್ವಪಕ್ಷದವರೇ ಹುಬ್ಬೇರಿಸಿದರು. ಗೋಡೆಯನ್ನು ಒಪ್ಪಿಕೊಂಡು ಅದರಲ್ಲಿ ಕಿಂಡಿ ಕೊರೆಯುವುದು ಎಂದರೆ ಗೋಡೆಯನ್ನು ಒಪ್ಪಿಕೊಂಡಂತೆಯೇ ಅಲ್ಲವೇ? ಈ ಪ್ರಶ್ನೆಗೆ ಅವತ್ತು ಸುಲಭದ ಉತ್ತರವಿರಲಿಲ್ಲ.

ಡಿಸೆಂಬರ್ 5ರಂದು ಬ್ರಾಂಟ್‌ಗೆ ಒಂದು ಪತ್ರ ಬಂತು. ಬರೆದವರು ಪೂರ್ವ ಜರ್ಮನಿಯ ಮಂತ್ರಿಮಂಡಲದ ಉಪಾಧ್ಯಕ್ಷ ಅಲೆಕ್ಸಾಂಡರ್ ಅಬುಶ್. ಕ್ರಿಸ್‌ಮಸ್ ಹೊತ್ತಿಗೆ ಪಶ್ಚಿಮ ಬರ್ಲಿನ್ನಿನವರಿಗೆ ರಹದಾರಿ ಕೊಡುವ ಬಗ್ಗೆ ಮಾತಾಡೋಣ ಎಂದಿತ್ತು. ಹಬ್ಬಕ್ಕೆ ಮೂರು ವಾರವೂ ಇರಲಿಲ್ಲ. ಡಿಸೆಂಬರ್ 12ರಿಂದ 17ರವರೆಗೆ ಏಳು ಸಲ ಮಾತುಕತೆ ನಡೆಯಿತು. ಒಮ್ಮೆ ಪೂರ್ವದಲ್ಲಿ, ಒಮ್ಮೆ ಪಶ್ಚಿಮದಲ್ಲಿ.

ಇಲ್ಲಿ ಸಾಹಿತ್ಯದ ಓದುಗರಿಗೆ ಸ್ವಾರಸ್ಯವೆನಿಸುವ ಒಂದು ವಿಷಯ. ಅಬುಶ್ ಸ್ವತಃ ಲೇಖಕ, ಹಿಂದೆ ಸಂಸ್ಕೃತಿ ಮಂತ್ರಿಯಾಗಿದ್ದವರು. ಮಾತುಕತೆಗೆ ಪೂರ್ವದ ಕಡೆಯಿಂದ ಬಂದ ಎರಿಕ್ ವೆಂಟ್ ಸಂಸ್ಕೃತಿ ಇಲಾಖೆಯ ಕಾರ್ಯದರ್ಶಿ. ಅದಕ್ಕೂ ಹಿಂದೆ ಅವರು ಔಫ್‌ಬಾವ್ ಎಂಬ ದೊಡ್ಡ ಸಾಹಿತ್ಯ ಪ್ರಕಾಶನದ ಮುಖ್ಯಸ್ಥರು. ಕಲಿತ ಕಸುಬು ಅಚ್ಚುಮೊಳೆ ಜೋಡಿಸುವುದು. ಎದುರಿಗೆ ಕೂತ ಹಾರ್ಸ್ಟ್ ಕೋರ್ಬರ್ ಪಶ್ಚಿಮ ಬರ್ಲಿನ್ ನಗರ ಸರ್ಕಾರದ ಅಧಿಕಾರಿ, ಇನ್ನೂ ನಲವತ್ತು ದಾಟಿರಲಿಲ್ಲ. ಒಂದೊಂದು ಪದವನ್ನೂ ಮೊಳೆಯಂತೆ ಎತ್ತಿ ನೋಡಿ ಇಡಬೇಕಾದ ಮೇಜಿಗೆ ಹಳೆಯ ಮೊಳೆ ಜೋಡಿಸುವವನೊಬ್ಬ ಬಂದು ಕೂತದ್ದು ನನಗಂತೂ ಇಷ್ಟವಾದ ವಿವರ.

ಮೊದಲ ತೊಡಕು ಊರಿನ ಹೆಸರಿನದೇ. ಪಶ್ಚಿಮದವರಿಗೆ ಅದು ಬರ್ಲಿನ್, ಆವರಣದಲ್ಲಿ ಪಶ್ಚಿಮ. ಪೂರ್ವದವರಿಗೆ ಅದು ‘ವೆಸ್ಟ್‌ಬರ್ಲಿನ್’, ಒಂದೇ ಪದ, ಬೇರೆಯದೇ ಊರು ಎಂಬಂತೆ. ಗೋಡೆಯಾಚೆಯದನ್ನು ಇವರು ಪೂರ್ವ ಬರ್ಲಿನ್ ಎಂದರೆ ಅವರು ‘ರಾಜಧಾನಿ’ ಎನ್ನುತ್ತಿದ್ದರು. ಮೇಯರನ್ನು ಯಾವ ಪದವಿಯಿಂದ ಕರೆಯುವುದು, ಸಹಿ ಯಾರ ಪರವಾಗಿ ಹಾಕುವುದು ಎಂಬಲ್ಲೂ ಇದೇ ಪಾಡು. ಪೂರ್ವ ಜರ್ಮನಿಯ ಪೂರ್ಣ ಹೆಸರಿರುವ ಕಾಗದಕ್ಕೆ ಪಶ್ಚಿಮದ ಅಧಿಕಾರಿ ಸಹಿ ಹಾಕಿದರೆ ಅದು ಮಾನ್ಯತೆ ಆಗುತ್ತದೆಯೇ? ಹೆಸರು ಬಿಟ್ಟುಬಿಡಿ ಎಂದರೆ ವೆಂಟ್ ಎದ್ದು ಹೋಗುತ್ತಾರೆ. ಬಿಡಬೇಡಿ ಎಂದರೆ ಬಾನ್ ಸರ್ಕಾರ ಬಿಡುವುದಿಲ್ಲ.

ಕೊನೆಗೆ ಸಿಕ್ಕಿದ ಪರಿಹಾರ ಒಂದೇ ವಾಕ್ಯದ್ದು. ಸ್ಥಳಗಳ, ಕಚೇರಿಗಳ, ಪದವಿಗಳ ಹೆಸರಿನ ಬಗ್ಗೆ ಒಮ್ಮತಕ್ಕೆ ಬರಲು ಆಗಲಿಲ್ಲ ಎಂದು ಇಬ್ಬರೂ ಒಪ್ಪಂದದಲ್ಲೇ ಬರೆದುಕೊಂಡರು. ಎರಡೂ ಪಕ್ಷಗಳ ರಾಜಕೀಯ ಮತ್ತು ಕಾನೂನಿನ ನಿಲುವುಗಳು ಬೇರೆಯಾದರೂ ಈ ಮಾನವೀಯ ಕೆಲಸ ಸಾಧ್ಯವಾಗಬೇಕು ಎಂಬ ಮಾತೂ ಸೇರಿತು. ಎಂದರೆ, ಒಪ್ಪಲಿಲ್ಲ ಎನ್ನುವುದನ್ನೇ ಒಪ್ಪಿ ಸಹಿ ಹಾಕಿದರು! ಇನ್ನು ಪೂರ್ವದವರು ತಮ್ಮ ಹೆಸರು ಬರೆದುಕೊಳ್ಳಬಹುದು. ಅದಕ್ಕೆ ನಾವು ಒಪ್ಪಿಲ್ಲವೆಂದು ಇಲ್ಲೇ ಬರೆದಿದೆಯಲ್ಲ ಎಂದು ಪಶ್ಚಿಮದವರು ತೋರಿಸಬಹುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಹಿಗಳಲ್ಲೂ ಇದೇ ಬಗೆ. ವೆಂಟ್ ತಮ್ಮ ಮಂತ್ರಿಮಂಡಲದ ಉಪಾಧ್ಯಕ್ಷರ ಸೂಚನೆಯಂತೆ ಸಹಿ ಹಾಕಿದರೆ, ಕೋರ್ಬರ್ ಮೇಯರ್ ಅಪ್ಪಣೆಯಂತೆ ನಗರ ಸರ್ಕಾರದ ಕಾರ್ಯಾಲಯದ ಮುಖ್ಯಸ್ಥರು ಕೊಟ್ಟ ಸೂಚನೆಯಂತೆ ಸಹಿ ಹಾಕಿದರು. ಒಬ್ಬ ಅಧಿಕಾರಿಯ ಬೆನ್ನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಮೇಯರ್ ಸಹಿ ಆ ಕಾಗದದ ಮೇಲೆ ಬೀಳಲಿಲ್ಲ.

ಎರಡನೆಯ ತೊಡಕು ಕಚೇರಿಯದು. ಪಶ್ಚಿಮದ ನೆಲದ ಮೇಲೆ ಪೂರ್ವದವರು ಕೂರಲೇಬೇಕು, ಆದರೆ ಅಧಿಕಾರಿಗಳಾಗಿ ಅಲ್ಲ. ಹಾಗಾದರೆ ಯಾರಾಗಿ? ಅಂಚೆಯವರಾಗಿ! ಎರಡು ಭಾಗಗಳ ನಡುವೆ ಕಾಗದ, ಪಾರ್ಸೆಲ್ಲು ಓಡಾಡುತ್ತಲೇ ಇದ್ದವು. ಅದರಿಂದ ಯಾರೂ ಯಾರನ್ನೂ ಮಾನ್ಯ ಮಾಡಿದಂತಾಗಿರಲಿಲ್ಲ. ಅಂಚೆಯಣ್ಣ ಯಾರ ಮನೆ ಬಾಗಿಲಿಗೆ ಬಂದರೂ ಅವನು ರಾಜ್ಯವಾಗಿ ಬರುವುದಿಲ್ಲ, ಕಾಗದ ತರುವವನಾಗಿ ಬರುತ್ತಾನೆ. ಅರ್ಜಿ ಎಂಬ ಕಾಗದವನ್ನು ಇಲ್ಲಿಂದ ಅಲ್ಲಿಗೆ, ರಹದಾರಿ ಎಂಬ ಕಾಗದವನ್ನು ಅಲ್ಲಿಂದ ಇಲ್ಲಿಗೆ ಸಾಗಿಸುವವರು ಎಂದು ಅವರನ್ನು ತಿಳಿದುಕೊಂಡರೆ ತಲೆನೋವಿಲ್ಲ. ಅದಕ್ಕೆ ತಕ್ಕಂತೆ ಕೆಲಸವನ್ನೂ ಸೀಳಿದರು. ಅರ್ಜಿ ಪಡೆಯುವುದು ಪಶ್ಚಿಮದ ಶಾಲೆಯಲ್ಲಿ. ಅದನ್ನು ಪರಿಶೀಲಿಸಿ ಹೌದು ಅಥವಾ ಇಲ್ಲ ಎನ್ನುವುದು ಪೂರ್ವದಲ್ಲಿ. ಮುದ್ರೆ ಬಿದ್ದ ಚೀಟಿಯನ್ನು ಕೈಗೆ ಕೊಡುವುದು ಮತ್ತೆ ಪಶ್ಚಿಮದಲ್ಲಿ. ರಾಜ್ಯಾಧಿಕಾರ ಚಲಾಯಿಸುವ ಗಳಿಗೆ, ಆ ಮುದ್ರೆ ಬೀಳುವ ಗಳಿಗೆ, ಗೋಡೆಯ ಆಚೆಯೇ ಉಳಿಯಿತು.

ಬೆಂಗಳೂರಿನಲ್ಲಿ ಯೂರೋಪಿನ ಯಾವುದಾದರೂ ದೇಶದ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಈ ಸೀಳು ಹೊಸದೇನಲ್ಲ. ನಮ್ಮ ಬೆರಳಚ್ಚು, ಬ್ಯಾಂಕಿನ ಲೆಕ್ಕಪತ್ರ ತೆಗೆದುಕೊಳ್ಳುವವರು ಒಂದು ಖಾಸಗಿ ಕಂಪನಿಯ ಹುಡುಗ ಹುಡುಗಿಯರು. ನಿರ್ಧಾರ ಇನ್ನೆಲ್ಲೋ ಕೂತ ದೂತಾವಾಸದ್ದು. ಯಾಕೆ ತಿರಸ್ಕರಿಸಿದಿರಿ ಎಂದು ಕೌಂಟರಿನಲ್ಲಿ ಕೇಳಿದರೆ ‘ನಮಗೆ ಗೊತ್ತಿಲ್ಲ ಸಾರ್, ನಾವು ಬರೀ ಕಳಿಸೋರು’ ಎಂಬ ಉತ್ತರ ಬರುತ್ತದೆ. ಇಂದು ಅದು ಖರ್ಚು ಉಳಿಸುವ ಉಪಾಯ. ಅಂದು ಬರ್ಲಿನ್ನಿನಲ್ಲಿ ಅದು ಮಾನ ಉಳಿಸುವ ಉಪಾಯವಾಗಿತ್ತು.

ಮೂರನೆಯದು ವಿಶೇಷ ಹಕ್ಕುಗಳ ಪ್ರಶ್ನೆ. ಕಾನ್ಸುಲೇಟಿನ ಕೋಣೆಗೆ ಪೊಲೀಸರು ಕಾಲಿಡುವಂತಿಲ್ಲ ಎಂದೆನಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಕಟ್ಟಡದ ಒಡೆತನದ ಹಕ್ಕು, ಯಾರನ್ನು ಒಳಗೆ ಬಿಡಬೇಕು ಯಾರನ್ನು ಹೊರಗೆ ಹಾಕಬೇಕು ಎನ್ನುವ ಅಧಿಕಾರ ಪಶ್ಚಿಮದವರಲ್ಲೇ ಉಳಿಯಿತು. ಶಾಲೆಯನ್ನು ಆಯ್ದುಕೊಟ್ಟವರು ಅವರು, ಸಾಲು ನೋಡಿಕೊಂಡವರು ಅವರ ಪೊಲೀಸರು. ಪೂರ್ವದ ಬಾವುಟ ಇಲ್ಲ, ಲಾಂಛನ ಇಲ್ಲ, ಕಾನ್ಸುಲ್ ಎಂಬ ಪದವಿ ಇಲ್ಲ. ಬಂದವರು ಪ್ರತಿದಿನ ಸಂಜೆ ಪೂರ್ವಕ್ಕೆ ಹಿಂತಿರುಗಬೇಕು. ಅವರಿಗೆ ಸಿಕ್ಕಿದ್ದು ಇಷ್ಟು: ಬಂದುಹೋಗುವ ದಾರಿಯಲ್ಲಿ ರಕ್ಷಣೆ, ಕಾಗದಗಳನ್ನು ತಡೆಯಿಲ್ಲದೆ ಒಯ್ಯುವ ಅವಕಾಶ, ಕೂರಲು ಒಂದು ಮೇಜು. ಪೂರ್ವ ಜರ್ಮನಿ ಕೇಳಿದ್ದು ಗಡಿ ಮತ್ತು ರಾಜಧಾನಿ, ಪಡೆದದ್ದು ಶಾಲೆಯ ಬೆಂಚು. ಆದರೂ ಒಪ್ಪಿತು. ಪಶ್ಚಿಮದೊಡನೆ ಸಹಿ ಹಾಕಿದ ಒಂದು ಕಾಗದ ಅದರ ಕೈಗೆ ಸಿಕ್ಕಿತ್ತಲ್ಲ. ಅದನ್ನು ಅಂತರರಾಷ್ಟ್ರೀಯ ಒಪ್ಪಂದವೆಂದು ತನ್ನ ಪತ್ರಿಕೆಗಳಲ್ಲಿ ಸಾರಲು ಅಷ್ಟು ಸಾಕಿತ್ತು.

ಡಿಸೆಂಬರ್ 17ರಂದು ಸಹಿ ಬಿತ್ತು. ಮರುದಿನವೇ ಆ ಸಾಲುಗಳು. ಯಾರೂ ಎಣಿಸದಷ್ಟು ಜನ ಬಂದರು. ಮೊದಲು ಕಳಿಸಿದ್ದ ಸಿಬ್ಬಂದಿ ಸಾಲದೆ ಪೂರ್ವದವರು ಇನ್ನಷ್ಟು ಅಂಚೆಯವರನ್ನು ಕಳಿಸಬೇಕಾಯಿತು. ಯಾರು ಯಾರನ್ನು ನೋಡಬಹುದು ಎಂಬುದಕ್ಕೂ ಪಟ್ಟಿ ಇತ್ತು. ಗಂಡ ಹೆಂಡತಿ, ತಂದೆತಾಯಿ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು, ಚಿಕ್ಕಪ್ಪ ಅತ್ತೆಯರು, ಅವರ ಮಕ್ಕಳಲ್ಲ, ಆದರೆ ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು. ಗೆಳೆಯರಿಗೆ ಜಾಗವಿರಲಿಲ್ಲ. ಬಾಲ್ಯದಿಂದ ಜೊತೆಗೆ ಬೆಳೆದವನಾದರೂ ರಕ್ತಸಂಬಂಧವೋ ಮದುವೆಯ ಸಂಬಂಧವೋ ಇಲ್ಲದಿದ್ದರೆ ಅವನು ಗೋಡೆಯಾಚೆಯವನೇ.

ಡಿಸೆಂಬರ್ 19ರಿಂದ ಜನವರಿ 5ರವರೆಗೆ ಗೋಡೆಯ ಕೆಲವು ಬಾಗಿಲುಗಳು ತೆರೆದವು. ಓಬರ್‌ಬೌಮ್ ಸೇತುವೆಯ ಮೇಲೆ, ಫ್ರೀಡ್ರಿಕ್‌ಸ್ಟ್ರಾಸೆ ನಿಲ್ದಾಣದಲ್ಲಿ ಉಡುಗೊರೆಯ ಗಂಟು ಹೊತ್ತ ಜನರ ಹೊಳೆ. ಬೆಳಗ್ಗೆ ಹೋಗಿ ಮಧ್ಯರಾತ್ರಿಯೊಳಗೆ ಹಿಂತಿರುಗಬೇಕು. 18 ದಿನಗಳಲ್ಲಿ ಸುಮಾರು 7 ಲಕ್ಷ ಪಶ್ಚಿಮ ಬರ್ಲಿನ್ನಿಗರು ಸುಮಾರು 12 ಲಕ್ಷ ಭೇಟಿಗಳನ್ನು ಮಾಡಿದರು. ಪಶ್ಚಿಮ ಬರ್ಲಿನ್ನಿನ ಜನಸಂಖ್ಯೆಯೇ ಆಗ 22 ಲಕ್ಷದಷ್ಟು. ಎರಡು ವರ್ಷದ ಹಿಂದೆ ಹುಟ್ಟಿದ ಮೊಮ್ಮಕ್ಕಳನ್ನು ಅಜ್ಜಿಯರು ಮೊದಲ ಸಲ ಎತ್ತಿಕೊಂಡದ್ದು ಈ ದಿನಗಳಲ್ಲಿ. ಭೇಟಿ ಒಂದೇ ದಿಕ್ಕಿನದು ಎಂಬುದನ್ನು ಮರೆಯಬಾರದು. ಪಶ್ಚಿಮದವರು ಪೂರ್ವಕ್ಕೆ ಹೋದರು. ಪೂರ್ವದವರು ಪಶ್ಚಿಮಕ್ಕೆ ಬರುವಂತಿರಲಿಲ್ಲ. ಡಿಸೆಂಬರ್ 25ರಂದು, ಸಾವಿರಾರು ಮನೆಗಳಲ್ಲಿ ಹಬ್ಬದೂಟ ನಡೆದ ದಿನ, ಗೋಡೆ ದಾಟಿ ಬರಲು ಯತ್ನಿಸಿದ ಪೂರ್ವದ 18ರ ಹುಡುಗನೊಬ್ಬನನ್ನು ಗಡಿ ಕಾವಲಿನವರು ಗುಂಡಿಕ್ಕಿದರು. ಅವನು ಸತ್ತ.

ಆ ಗುಂಡಿನ ಸದ್ದಿನಿಂದಾಗಿ ಒಪ್ಪಂದದ ಟೀಕಾಕಾರರ ಮಾತನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಬಾನ್‌ನಲ್ಲಿ ಹಲವರು ಹೇಳಿದ್ದು ಇಷ್ಟೇ: ಗೋಡೆಯನ್ನು ಸಹಿಸುವಂತೆ ಮಾಡಿದರೆ ಗೋಡೆ ಗಟ್ಟಿಯಾಗುತ್ತದೆ, ಇಂದು ಅಂಚೆಯವನಾಗಿ ಬಂದವನು ನಾಳೆ ಕಾನ್ಸುಲ್ ಆಗಿ ಬರುತ್ತಾನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಆಯಿತು. ಆದರೆ 1961ರ ಆಗಸ್ಟ್‌ನಲ್ಲಿ ಮುಚ್ಚಿಸಿದ ಕಚೇರಿಗೂ 1963ರ ಡಿಸೆಂಬರ್‌ನಲ್ಲಿ ಒಪ್ಪಿದ ಕಚೇರಿಗೂ ಕೆಲಸದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ನಡುವಿನ 28 ತಿಂಗಳಲ್ಲಿ ಸತ್ತ ಮುದುಕ ಮುದುಕಿಯರಿಗೆ ಆ ವ್ಯತ್ಯಾಸವನ್ನು ಯಾರು ವಿವರಿಸಬೇಕು? ನನ್ನ ಮಟ್ಟಿಗೆ ತಕ್ಕಡಿ ಬ್ರಾಂಟ್ ಕಡೆಗೇ ವಾಲುತ್ತದೆ. ಹಾಗೆಂದು ಇನ್ನೊಂದು ತಟ್ಟೆ ಖಾಲಿಯಿದೆ ಎಂದು ನಾನು ಹೇಳಲಾರೆ.

ಆ ಒಂದು ವಾಕ್ಯಕ್ಕೆ ಎಷ್ಟು ಬಲವಿತ್ತು ಎಂಬುದು ಮುಂದಿನ ಮೂರು ವರ್ಷಗಳಲ್ಲಿ ಗೊತ್ತಾಯಿತು. 1964ರ ಸೆಪ್ಟೆಂಬರ್ 24ರಂದು ಎರಡನೆಯ ಒಪ್ಪಂದವಾಯಿತು. ಹುಟ್ಟು, ಮದುವೆ, ಕಾಯಿಲೆ, ಸಾವು ಎಂಬ ತುರ್ತಿಗಾಗಿ ವರ್ಷವಿಡೀ ತೆರೆದಿರುವ ಒಂದು ಕಚೇರಿಯೂ ಇದರಲ್ಲಿ ಸೇರಿತು. ಆ ವರ್ಷದ ಡಿಸೆಂಬರ್‌ನಿಂದ ಪೂರ್ವದವರು ಬರುವವರೆಲ್ಲ ಇಂತಿಷ್ಟು ಪಶ್ಚಿಮದ ಹಣವನ್ನು ಕಡ್ಡಾಯವಾಗಿ ಬದಲಿಸಬೇಕು ಎಂಬ ನಿಯಮ ತಂದರು. ಅಮ್ಮನನ್ನು ನೋಡಲು ಸುಂಕ. 1965ರ ನವೆಂಬರ್‌ನಲ್ಲಿ ಮೂರನೆಯದು, 1966ರ ಮಾರ್ಚ್‌ನಲ್ಲಿ ನಾಲ್ಕನೆಯದು. ಅಷ್ಟರಲ್ಲಿ ವೆಂಟ್ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಮಿಖಾಯೆಲ್ ಕೋಲ್ ವಿದೇಶಾಂಗ ಇಲಾಖೆಯವರು. ಇಲಾಖೆ ಬದಲಾದದ್ದರಲ್ಲೇ ಪೂರ್ವದವರ ಮನಸ್ಸು ಓದಬಹುದಿತ್ತು. ‘ಹೆಸರುಗಳ ಬಗ್ಗೆ ಒಮ್ಮತವಿಲ್ಲ’ ಎಂಬ ವಾಕ್ಯಕ್ಕೆ ಇನ್ನು ನಾವು ಸಹಿ ಹಾಕುವುದಿಲ್ಲ ಎಂದರು. ವಾಕ್ಯ ಹೋಯಿತು, ಅದರ ಜೊತೆಗೆ ಹಬ್ಬದ ಭೇಟಿಯೂ ಹೋಯಿತು. 1966ರ ಬೇಸಿಗೆಯ ನಂತರ ಸುಮಾರು ಆರು ವರ್ಷ ತುರ್ತಿನ ಕಚೇರಿಯೊಂದೇ ಉಳಿದ ಕಿಂಡಿ. ಹೋಗಬೇಕಾದರೆ ಮನೆಯಲ್ಲಿ ಯಾರಾದರೂ ಹುಟ್ಟಬೇಕಿತ್ತು, ಮದುವೆಯಾಗಬೇಕಿತ್ತು, ಸಾಯುವಂತಿರಬೇಕಿತ್ತು.

ಬ್ರಾಂಟ್ ಚಾನ್ಸಲರ್ ಆದ ಮೇಲೆ, 1971ರ ಸೆಪ್ಟೆಂಬರ್ 3ರಂದು ನಾಲ್ಕು ರಾಷ್ಟ್ರಗಳು ಬರ್ಲಿನ್ ಕುರಿತು ಒಪ್ಪಂದಕ್ಕೆ ಬಂದವು. ಆ ಡಿಸೆಂಬರ್‌ನಲ್ಲಿ ನಗರ ಸರ್ಕಾರವೂ ಪೂರ್ವ ಜರ್ಮನಿಯೂ ಭೇಟಿಗಳ ಬಗ್ಗೆ ಸಹಿ ಹಾಕಿದವು. 1972ರ ಜೂನ್‌ನಿಂದ ಪಶ್ಚಿಮ ಬರ್ಲಿನ್ನಿನವರು ವರ್ಷಕ್ಕೆ 30 ದಿನ ಹೋಗಿಬರಬಹುದಾಯಿತು. ಬಂಧುಗಳನ್ನು ನೋಡಲು ಮಾತ್ರವಲ್ಲ, ಸುಮ್ಮನೆ ಊರು ನೋಡಲಿಕ್ಕೂ. ಇದಕ್ಕಾಗಿ ಪಶ್ಚಿಮದಲ್ಲಿ ಐದು ಕಾಯಂ ಕಚೇರಿಗಳು ತೆರೆದವು. ಹೆಸರು ‘ಭೇಟಿ ಮತ್ತು ಪ್ರಯಾಣ ವ್ಯವಹಾರಗಳ ಕಚೇರಿ’. ವೀಸಾ ಎಂಬ ಪದ ಈಗಲೂ ಫಲಕದ ಮೇಲಿಲ್ಲ. ಅಲ್ಲಿ ಕೊಡುತ್ತಿದ್ದದ್ದು ವೀಸಾ ಅಲ್ಲ, ‘ವೀಸಾ ಪಡೆಯಲು ಅರ್ಹತೆ ಇದೆ’ ಎಂಬ ಚೀಟಿ. ವೀಸಾದ ಮುದ್ರೆ ಬೀಳುವುದು ಗಡಿಯಲ್ಲಿ, ಪೂರ್ವದ ನೆಲದ ಮೇಲೆ. 1963ರ ಸೀಳು ಹಾಗೆಯೇ ಉಳಿದಿತ್ತು, ಅಂಚೆಯ ಸಮವಸ್ತ್ರ ಮಾತ್ರ ಕಳಚಿತ್ತು. ಆ ಐದು ಕಚೇರಿಗಳ ಮೇಜಿನ ಹಿಂದೆ ಕೂತವರನ್ನು ನೋಡಿಕೊಳ್ಳಲು ಪೂರ್ವದ ಗುಪ್ತಚರ ಇಲಾಖೆ ಷ್ಟಾಸಿಯಲ್ಲಿ ಒಂದು ಪ್ರತ್ಯೇಕ ವಿಭಾಗವೇ ಇತ್ತು ಎಂಬುದು ಗೋಡೆ ಬಿದ್ದ ಮೇಲೆ ಕಡತಗಳಿಂದ ಹೊರಬಿತ್ತು. ಅರ್ಜಿ ತುಂಬುವಾಗ ನಿಮ್ಮ ಬಂಧು ಯಾರು, ವಿಳಾಸವೇನು, ಕೆಲಸವೇನು ಎಂದು ನೀವೇ ಬರೆದು ಕೊಡುತ್ತಿದ್ದಿರಲ್ಲ. ಗುಪ್ತಚರರಿಗೆ ಇದಕ್ಕಿಂತ ಸಲೀಸಾದ ಕೆಲಸ ಇನ್ನೊಂದಿತ್ತೇ?

ಮಾನ್ಯತೆಯ ಗಂಟು ಕೂಡ ಇದೇ ಶೈಲಿಯಲ್ಲಿ ಸಡಿಲಾಯಿತು. 1972ರ ಕೊನೆಯಲ್ಲಿ ಎರಡು ಜರ್ಮನಿಗಳು ಮೂಲ ಒಪ್ಪಂದ ಮಾಡಿಕೊಂಡು, 1974ರಲ್ಲಿ ಪರಸ್ಪರ ರಾಯಭಾರ ಕಚೇರಿ ಅಲ್ಲದ ರಾಯಭಾರ ಕಚೇರಿ ತೆರೆದವು. ಹೆಸರು ‘ಕಾಯಂ ಪ್ರಾತಿನಿಧ್ಯ’. ರಾಯಭಾರಿಗಳಿಗೆ ಸಿಗುವ ವಿನಾಯಿತಿಗಳನ್ನು ಹೇಳುವ 1961ರ ವಿಯೆನ್ನಾ ಒಡಂಬಡಿಕೆ ಇವರಿಗೆ ನೇರವಾಗಿ ಅಲ್ಲ, ಅದಕ್ಕೆ ‘ಅನುಗುಣವಾಗಿ’ ಅನ್ವಯಿಸುತ್ತದೆ ಎಂದು ಬರೆದುಕೊಂಡರು. ಬಾನ್‌ನಲ್ಲಿದ್ದ ಪೂರ್ವದ ಪ್ರತಿನಿಧಿ ವಿದೇಶಾಂಗ ಇಲಾಖೆಯೊಡನೆ ವ್ಯವಹರಿಸುವಂತಿರಲಿಲ್ಲ, ಚಾನ್ಸಲರ್ ಕಾರ್ಯಾಲಯಕ್ಕೆ ಹೋಗಬೇಕಿತ್ತು. ಯಾಕೆಂದರೆ ಪಶ್ಚಿಮದ ಲೆಕ್ಕದಲ್ಲಿ ಪೂರ್ವ ಜರ್ಮನಿ ವಿದೇಶವಲ್ಲ. ಪೂರ್ವ ಬರ್ಲಿನ್ನಿನಲ್ಲಿದ್ದ ಪಶ್ಚಿಮದ ಪ್ರತಿನಿಧಿ ಮಾತ್ರ ವಿದೇಶಾಂಗ ಇಲಾಖೆಗೇ ಹೋಗಬೇಕಿತ್ತು. ಪೂರ್ವದವರ ಲೆಕ್ಕದಲ್ಲಿ ಪಶ್ಚಿಮ ಜರ್ಮನಿ ಪರದೇಶವೇ. ಇಬ್ಬರೂ ತಂತಮ್ಮ ಹಟವನ್ನು ಕಟ್ಟಡಗಳ ವಿಳಾಸದಲ್ಲಿ ಇಟ್ಟುಕೊಂಡು 16 ವರ್ಷ ಕೆಲಸ ನಡೆಸಿದರು.

1989ರ ನವೆಂಬರ್ 9ರ ರಾತ್ರಿ ಗೋಡೆ ತೆರೆದಾಗ ಪೂರ್ವದವರು ಹೊಳೆಯಾಗಿ ಪಶ್ಚಿಮಕ್ಕೆ ಹರಿದರು. ಪಶ್ಚಿಮದವರು ಪೂರ್ವಕ್ಕೆ ಹೋಗಲು ಮಾತ್ರ ಆಮೇಲೂ ಕೆಲವು ವಾರ ವೀಸಾ ಬೇಕಾಗಿತ್ತು, ಕಡ್ಡಾಯ ಹಣ ಬದಲಾವಣೆಯೂ ಇತ್ತು. ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಎರಡನ್ನೂ ತೆಗೆದುಹಾಕಿದರು. ಶಾಲೆಗಳ ಮುಂದೆ ಆ ಸಾಲು ನಿಂತು ಅಂದಿಗೆ 26 ವರ್ಷ ಆರು ದಿನ.